ನಂದಿಬೆಟ್ಟದ ಮೆಟ್ಟಿಲು ದಾರಿಯಲ್ಲಿ ಹಕ್ಕಿ ಲೆಕ್ಕ

ನಂದಿಬೆಟ್ಟಕ್ಕೆ ಬರುವವರಲ್ಲಿ ಹೆಚ್ಚಿನವರು ಗಾಡಿಯಲ್ಲೇ ಮೇಲೆ ಹೋಗಿ, ಸೂರ್ಯೋದಯ ನೋಡಿ ಇಳಿದುಬಿಡುತ್ತಾರೆ. ಸುಲ್ತಾನ್‌ಪೇಟೆ ಕಡೆಯಿಂದ ಹಳೆಯ ಮೆಟ್ಟಿಲು ದಾರಿಯೊಂದಿದೆ. ನಾನು, ಇಬ್ಬರು ಗೆಳೆಯರು ಹಲವು ವರ್ಷಗಳಿಂದ ಆ ದಾರಿಯ ಹಕ್ಕಿಗಳನ್ನು ಎಣಿಸುತ್ತಿದ್ದೇವೆ. ಯಾರೂ ನೇಮಿಸಿದ್ದಲ್ಲ, ಸಂಬಳವಿಲ್ಲ. ತಿಂಗಳಿಗೊಮ್ಮೆ ಬೆಳಿಗ್ಗೆ ಅದೇ ಹೊತ್ತಿಗೆ ಅದೇ ದಾರಿ ಹಿಡಿಯುತ್ತೇವೆ. ಹೊಸ ಜಾಗಗಳಲ್ಲಿ ಅಪರೂಪದ ಹಕ್ಕಿ ಹುಡುಕುವ ಖುಷಿ ಬೇರೆ. ಆದರೆ ಒಂದು ಬೆಟ್ಟದಲ್ಲಿ ಏನು ಕಡಿಮೆಯಾಗುತ್ತಿದೆ ಎಂದು ತಿಳಿಯಬೇಕಾದರೆ ಒಂದೇ ದಾರಿಯನ್ನು ಮತ್ತೆ ಮತ್ತೆ ತುಳಿಯಲೇಬೇಕು.

ದಾರಿಯನ್ನು ಮೂರು ಭಾಗ ಮಾಡಿಕೊಂಡಿದ್ದೇವೆ. ಬುಡದಲ್ಲಿ ಹೊಲ, ದ್ರಾಕ್ಷಿ ತೋಟ. ನಡುವೆ ಬಂಡೆ, ಕುರುಚಲು ಗಿಡಗಳ ಇಳಿಜಾರು. ತುದಿಯಲ್ಲಿ ದಟ್ಟ ಮರಗಳು. ಒಂದೊಂದಕ್ಕೂ, ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಆ್ಯಪ್‌ನಲ್ಲಿ ಬೇರೆ ಪಟ್ಟಿ. ಇಡೀ ಬೆಟ್ಟಕ್ಕೆ ಒಂದೇ ಪಟ್ಟಿ ಬರೆದರೆ ಯಾವ ಹಕ್ಕಿ ಎಲ್ಲಿ ಸಿಕ್ಕಿತು ಎಂಬುದೇ ಕಲಸಿಹೋಗುತ್ತದೆ. ಒಂದು ಪಟ್ಟಿಗೆ ಕಡಿಮೆಯೆಂದರೂ 15 ನಿಮಿಷ ಕೊಡುತ್ತೇವೆ. ಕಂಡದ್ದು, ಕೇಳಿದ್ದು ಎಲ್ಲವನ್ನೂ ಸಂಖ್ಯೆ ಸಮೇತ ಬರೆಯುತ್ತೇವೆ. ಕಾಗೆ, ಗೊರವಂಕಗಳನ್ನೂ ಬಿಡುವ ಹಾಗಿಲ್ಲ. ಗುರುತು ಸಿಕ್ಕಿದ ಎಲ್ಲ ಹಕ್ಕಿಗಳೂ ಪಟ್ಟಿಯಲ್ಲಿವೆಯೇ ಎಂದು ಆ್ಯಪ್ ಕೊನೆಗೆ ಕೇಳುತ್ತದೆ. ಅದಕ್ಕೆ ಹೌದು ಎಂದು ಕೊಟ್ಟಿದ್ದರೆ ಮಾತ್ರ, ಪಟ್ಟಿಯಲ್ಲಿ ಇಲ್ಲದ ಹಕ್ಕಿ ಅಂದು ನಮಗೆ ಸಿಗಲಿಲ್ಲ ಎಂದು ಲೆಕ್ಕ ಹಿಡಿಯಬಹುದು. ನನ್ನ ಮಟ್ಟಿಗೆ ಇಡೀ ಕೆಲಸದ ಜೀವ ಇರುವುದು ಅಲ್ಲೇ.

ಇಳಿಜಾರಿನಲ್ಲಿ ಕಣ್ಣಿಗಿಂತ ಕಿವಿಗೆ ಕೆಲಸ ಹೆಚ್ಚು. ಚಳಿಗಾಲಕ್ಕೆ ಉತ್ತರದಿಂದ ಬರುವ ಹಸಿರು ಉಲಿಯಕ್ಕಿ ಎಲೆಗಳ ನಡುವೆ ಎಲೆಯಂತೆಯೇ ಇರುತ್ತದೆ; ಅದರ ಚುಟುಕು ಕೂಗು ಗೊತ್ತಿದ್ದವರಿಗೆ ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ತುದಿಯ ಮರಗಳಲ್ಲಿ ಬಗೆಬಗೆಯ ಹಕ್ಕಿಗಳು ಒಟ್ಟಾಗಿ ನುಗ್ಗಿದಾಗ ಒಬ್ಬರು ನೋಡಿ ಹೇಳುತ್ತಾರೆ, ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ಹಿಂದೆ ಉಳಿದವನ್ನು ಗಮನಿಸುತ್ತಾರೆ. ಗೊತ್ತಾಗದ್ದನ್ನು 'ಯಾವುದೋ ಉಲಿಯಕ್ಕಿ' ಎಂದೇ ಬರೆಯುತ್ತೇವೆ, ಊಹೆಯ ಮೇಲೆ ಹೆಸರು ಹಾಕುವುದಿಲ್ಲ. ಇಳಿಯುವಾಗ ಎಣಿಕೆಯಿಲ್ಲ, ಅವೇ ಹಕ್ಕಿಗಳು ಎರಡು ಸಲ ಲೆಕ್ಕಕ್ಕೆ ಬಂದುಬಿಡುತ್ತವೆ.

ಈ ಬೆಟ್ಟದ ದೊಡ್ಡ ಆಸ್ತಿ ಹಳದಿ ಕತ್ತಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಬೆಟ್ಟಗಳ ಕುರುಚಲು ಕಾಡು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ, ಅಳಿವಿನ ಭೀತಿಯಲ್ಲಿರುವ ಹಕ್ಕಿ. ಫೋಟೊಕ್ಕಾಗಿ ಮೊಬೈಲಿನಲ್ಲಿ ಅದರ ಕೂಗು ಹಾಕಿ ಕರೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತನ್ನ ಜಾಗಕ್ಕೆ ಇನ್ನೊಂದು ಬಂತೆಂದು ಅದು ಮೇವು, ಮರಿ ಬಿಟ್ಟು ಧಾವಿಸುತ್ತದೆ. ನಮ್ಮ ಗುಂಪಿನಲ್ಲಿ ಕೂಗು ಹಾಕುವಂತಿಲ್ಲ, ಗೂಡಿನ ಹತ್ತಿರ ನಿಲ್ಲುವಂತಿಲ್ಲ, ಗೂಡಿನ ಜಾಗ ಯಾರಿಗೂ ಹೇಳುವಂತಿಲ್ಲ.

ಬೇಸಿಗೆಯಲ್ಲಿ ಒಮ್ಮೆ ಇಳಿಜಾರಿಗೆ ಬೆಂಕಿ ಬಿತ್ತು. ಮುಂದಿನ ಎಣಿಕೆಯಲ್ಲಿ, ನೆಲದ ತರಗೆಲೆ ಕೆದಕಿ ಮೇಯುವ ಹರಟೆಮಲ್ಲಗಳ ಸದ್ದೇ ಇರಲಿಲ್ಲ. ಮಳೆಗಾಲ ಮುಗಿದು ಪೊದೆ ಚಿಗುರಿದ ಮೇಲೆ ಒಂದೊಂದೇ ಮರಳಿದವು. ಬೆಂಕಿಗೆ ಮುಂಚಿನ ಪಟ್ಟಿಗಳು ಕೈಯಲ್ಲಿ ಇದ್ದದ್ದರಿಂದ ಹೋದದ್ದೇನು, ಬಂದದ್ದೇನು ಎಂದು ಹೇಳಲು ಸಾಧ್ಯವಾಯಿತು.

ಬುಡದ ಹೊಲಗಳಲ್ಲಿ ನಾನು ಹೆಚ್ಚು ಕಾಯುವುದು ನಮ್ಮ ರಾಜ್ಯಪಕ್ಷಿ ನೀಲಕಂಠಕ್ಕೆ. ಅಲ್ಲಿ ಕುರಿ ಮೇಯಿಸುವ ಅಜ್ಜನೊಬ್ಬರು, "ಮೊದ್ಲು ಕಂಬಕ್ಕೊಂದು ಕೂತಿರ್ತಿದ್ವು ಸ್ವಾಮಿ, ಈಗ ಹುಡುಕ್‌ಬೇಕು" ಅಂದರು. 2023ರ 'ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್' ವರದಿಯೂ ಅದನ್ನೇ ಹೇಳಿತು. ದೇಶದ 30,000ಕ್ಕೂ ಹೆಚ್ಚು ಹವ್ಯಾಸಿಗಳು ಬರೆದ ಪಟ್ಟಿಗಳಿಂದ ಅದು 942 ಬಗೆಯ ಹಕ್ಕಿಗಳ ಸ್ಥಿತಿ ಅಳೆಯಿತು. 178ಕ್ಕೆ ತುರ್ತು ಗಮನ ಬೇಕೆಂದಿತು. ಎಲ್ಲೆಡೆ ಕಾಣುತ್ತದೆಂದು ನಂಬಿದ್ದ ನೀಲಕಂಠ ಇಳಿಮುಖವಾಗಿರುವುದು ಹೊರಬಿದ್ದದ್ದು, ಜನ ಅದನ್ನು ಮಾಮೂಲಿ ಹಕ್ಕಿಯೆಂದು ಬಿಡದೆ ಬರೆದದ್ದರಿಂದ.

ಹಕ್ಕಿಯಲ್ಲದ ಜೀವಿಗಳು, ಎಲ್ಲ ಬಗೆಯ ಜೀವಿಗಳನ್ನು ಫೋಟೊ ಸಮೇತ ದಾಖಲಿಸುವ ಐ-ನ್ಯಾಚುರಲಿಸ್ಟ್‌ಗೆ ಹೋಗುತ್ತವೆ: ಬಂಡೆಯ ಮೇಲಿನ ಓತಿಕ್ಯಾತ, ಹಾವಿನ ಪೊರೆ, ಚಿರತೆಯ ಲದ್ದಿ. ಲದ್ದಿ, ಹೆಜ್ಜೆಗುರುತುಗಳ ಪಕ್ಕ ಅಳತೆಗೆ ಪೆನ್ನು ಇಟ್ಟು ಫೋಟೊ ತೆಗೆಯುತ್ತೇವೆ. ದಾರಿ ಬಿಟ್ಟು ಒಳಗೆ ಇಳಿಯುವುದಿಲ್ಲ. ಚಿಪ್ಸ್ ಪೊಟ್ಟಣಕ್ಕೆ ಮಂಗಗಳು ಎಲ್ಲಿ ಮುತ್ತುತ್ತವೆ ಎಂಬುದನ್ನೂ ಗುರುತಿಸಿಡುತ್ತೇವೆ.

ಹೊಸಬರು ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಿಂದ ಶುರುಮಾಡಬಹುದು. ಹತ್ತು ಹಕ್ಕಿ ಗುರುತಾದರೂ ಸಾಕು. 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಮಸೂರದ) ದುರ್ಬೀನು ಒಂದಿದ್ದರೆ ಒಳ್ಳೆಯದು. ಕ್ಯಾಮೆರಾ ಆಮೇಲೆ ನೋಡಿಕೊಳ್ಳಬಹುದು. ಮನೆಯ ಹತ್ತಿರದ, ಮಳೆಯಲ್ಲೂ ಚಳಿಯಲ್ಲೂ ಹೋಗಬಲ್ಲ ದಾರಿಯನ್ನೇ ಆರಿಸಿಕೊಳ್ಳಿ. ಅನುಮತಿ ಬೇಕಾದ ಚಾರಣ ದಾರಿಯಾದರೆ ಅರಣ್ಯ ಇಲಾಖೆಯಿಂದ ಅದನ್ನು ಮೊದಲೇ ಪಡೆಯಿರಿ. ಪಟ್ಟಿಯನ್ನು ಅದೇ ಸಂಜೆ ಸಲ್ಲಿಸಿಬಿಡಿ. ವಿಚಿತ್ರವೆನಿಸುವ ದಾಖಲೆಗೆ ಇ-ಬರ್ಡ್ ಪರಿಶೀಲಕರು ವಿವರ ಕೇಳಿ ಬರೆಯುತ್ತಾರೆ. ಅವರೂ ನಮ್ಮಂತೆಯೇ ಸ್ವಯಂಸೇವಕರು. ನೆನಪು ಹಸಿಯಾಗಿದ್ದಾಗಲೇ ಉತ್ತರ ಕೊಡುವುದು ಸುಲಭ.