ಜನರೇಟರ್ ಟ್ರಾಲಿಗೆ ಪೆಟ್ರೋಲ್ ಪಿಕಪ್: ನನ್ನ ಅನುಭವ

ಜನರೇಟರ್ ಟ್ರಾಲಿ ಎಳೆಯೋಕೆ ಡೀಸೆಲ್ ಗಾಡಿನೇ ಬೇಕು ಅನ್ನೋದು ಮಂಡ್ಯ ಕಡೆ ಲೈಟಿಂಗು, ಶಾಮಿಯಾನ ಬಾಡಿಗೆ ಮಾಡೋರ ಮಧ್ಯೆ ಚರ್ಚೆಗೇ ಬರದ ವಿಷಯ. ನಾನು ಪೆಟ್ರೋಲೂ ಸಿಎನ್‌ಜಿಯೂ ಎರಡೂ ಕುಡಿಯೋ ಪಿಕಪ್ ತಂದು ಮನೆ ಮುಂದೆ ನಿಲ್ಲಿಸಿದಾಗ ನಮ್ಮದೇ ಕಸುಬಿನ ಗೆಳೆಯನೊಬ್ಬ ಅದರ ಸುತ್ತ ಒಂದು ಸುತ್ತು ಬಂದು, ‘ಏನಣ್ಣೋ, ಡೈರಿಗೆ ಹಾಲು ಹಾಕಕ್ಕೆ ತಂದ್ಯಾ?’ ಅಂದ. ಹಿಂದಿನ ಹುಕ್ ತೋರಿಸಿದೆ. ‘ಬುಡು, ಸಾಯಂಕಾಲ ಟ್ರ್ಯಾಕ್ಟರ್ ಕಳಿಸ್ತೀನಿ, ಎಳ್ಕಬರಕ್ಕೆ’ ಅಂದು ಹೋದ. ಅದಾದ ಮೇಲೆ ಮದುವೆ ಸೀಸನ್‌ಗಳು ಬಂದು ಹೋಗಿವೆ, ಗಾಡಿ ಈಗಲೂ ಎಳೀತಿದೆ. ಮೊನ್ನೆ ಅವನೇ ಬಂದು ಹುಕ್‌ನ ಅಳತೆ ಬರ್ಕೊಂಡು ಹೋದ. ಅದಕ್ಕೇ ಇದನ್ನ ಬರೀತಿರೋದು.

ನನ್ನ ಹತ್ರ ಇರೋದು ಎರಡು ಜನರೇಟರ್. 25 ಕೆವಿಎದು (ಕೆವಿಎ ಅಂದ್ರೆ ಕರೆಂಟ್ ಕೊಡೋ ತಾಕತ್ತಿನ ಅಳತೆ) ಒಂದು, ಟ್ರಾಲಿ, ಕೇಬಲ್ ಪೆಟ್ಟಿಗೆ ಎಲ್ಲ ಸೇರಿ ಹನ್ನೆರಡು ಕ್ವಿಂಟಾಲ್ ಚಿಲ್ಲರೆ. ಇನ್ನೊಂದು 62.5 ಕೆವಿಎ, ಅದು ಇಪ್ಪತ್ತರ ಹತ್ರ. ದೊಡ್ಡದು ಮೊದಲಿಂದಲೂ ಎರಡೂವರೆ ಲೀಟರ್ ಡೀಸೆಲ್ ಪಿಕಪ್ಪಿನ ಪಾಲು, ಇವತ್ತಿಗೂ ಅದರದ್ದೇ. ಮಾತು ಬರೋದು ಚಿಕ್ಕದರದ್ದು. ಗಾಡಿ ಮೇಲೇ ಹೇರ್ಕೊಂಡು ಹೋಗಬಾರದಾ ಅಂತ ಹೊರಗಿನವರು ಕೇಳ್ತಾರೆ. ಟ್ರಾಲಿನ ಛತ್ರದ ಹಿಂದೆ ಬಿಚ್ಚಿಟ್ಟರೆ ಗಾಡಿ ಇನ್ನೊಂದು ಕಡೆ ಬಾಡಿಗೆ ದುಡಿಯುತ್ತೆ ಅನ್ನೋದು ನಿಮಗೆ ನಾನು ಹೇಳಬೇಕಾಗಿಲ್ಲ.

ಡೀಸೆಲ್‌ನ ದಮ್ಮಿನ ಬಗ್ಗೆ ನನಗೆ ತಕರಾರಿಲ್ಲ. ಸಾವಿರದೈನೂರು ಆರ್‌ಪಿಎಂನಲ್ಲೇ ಎದೆ ಕೊಟ್ಟು ಎಳೆಯುತ್ತೆ. ಪೆಟ್ರೋಲ್ ಇಂಜಿನ್ನು, ಅದರಲ್ಲೂ ಟರ್ಬೊ ಇಲ್ಲದ 1.2 ಲೀಟರಿಂದು, ಮೂರು ಸಾವಿರ ದಾಟಿಸಿದರೇ ಮಾತಾಡೋದು. ನನ್ನ ತಕರಾರು ಬೇರೆ. ನಮ್ಮ ಓಟ ಎಂಥದ್ದು ನೋಡಿ: ಗೋಡೌನಿಂದ ಛತ್ರಕ್ಕೆ ನಾಲ್ಕೈದು ಕಿಲೋಮೀಟರು, ಇಳಿಸು, ನಿಲ್ಲಿಸು, ರಾತ್ರಿ ಹನ್ನೊಂದಕ್ಕೆ ಮತ್ತೆ ನಾಲ್ಕೈದು ಕಿಲೋಮೀಟರು. 2020ರ ಏಪ್ರಿಲ್ ಆದ ಮೇಲೆ ಬಂದ ಬಿಎಸ್6, ಅಂದ್ರೆ ಹೊಸ ಹೊಗೆ ನಿಯಮದ, ಡೀಸೆಲ್ ಗಾಡಿಗೆ ಇದು ವಿಷ. ಸೈಲೆನ್ಸರ್ ದಾರೀಲಿರೋ ಡಿಪಿಎಫ್ ಅನ್ನೋ ಫಿಲ್ಟರ್ ಮಸಿ ಹಿಡಿದಿಟ್ಕೊಳ್ಳುತ್ತೆ, ಆ ಮಸಿ ಸುಡಬೇಕಾದರೆ ಹೊಗೆ ಚೆನ್ನಾಗಿ ಕಾದಿರಬೇಕು, ಕಾಯಬೇಕಾದರೆ ಗಾಡಿ ಒಂದೇ ಓಟದಲ್ಲಿ ಅರ್ಧ ಗಂಟೆಯಾದರೂ ಓಡಬೇಕು. ನಮ್ಮದು ಕಾಯೋದರೊಳಗೆ ಛತ್ರ ಬಂದಿರುತ್ತೆ.

ಹಾಗಾಗಿ ಡಿಪಿಎಫ್ ಲೈಟು ಹತ್ತೋದು, ಗಾಡಿ ದಮ್ಮು ಕಳ್ಕೊಂಡು ಕುಂಟೋದು, ವರ್ಕ್‌ಶಾಪಲ್ಲಿ ಕಂಪ್ಯೂಟರ್ ಹಾಕಿ ಮಸಿ ಸುಡಿಸೋದು, ಬಿಲ್ಲು ಕಟ್ಟೋದು. ಸುಡೋಕೆ ಅಂತ ಹೆಚ್ಚಿಗೆ ಚಿಮ್ಮಿದ ಡೀಸೆಲ್ಲು ಅರ್ಧಕ್ಕೇ ಗಾಡಿ ಆಫ್ ಮಾಡಿದಾಗೆಲ್ಲ ಇಂಜಿನ್ ಆಯಿಲ್‌ಗೆ ಇಳಿದು ಡಿಪ್‌ಸ್ಟಿಕ್ಕಲ್ಲಿ ಆಯಿಲ್ ಮಟ್ಟ ಏರ್ತಾ ಹೋಯ್ತು. ಆಯಿಲ್ ಕಡಿಮೆ ಆಗೋದು ನೋಡಿದ್ದೆ, ಏರೋದು ನೋಡಿದ್ದು ಆಗಲೇ. ಆಯಿಲ್ ಬದಲಾವಣೆ, ಕ್ಲೀನಿಂಗು, ಒಂದು ಸೆನ್ಸರು, ಎಲ್ಲ ಸೇರಿ ಒಂದು ವರ್ಷಕ್ಕೆ ನಲವತ್ತು ನಲವತ್ತೈದು ಸಾವಿರ ಹೋಯ್ತು. ‘ವಾರಕ್ಕೊಂದ್ಸಲ ಹೈವೇಲಿ ಓಡಿಸ್ಕೊಂಡು ಬನ್ನಿ ಸಾರ್’ ಅಂದರು. ಸುಮ್ಮನೆ ಮದ್ದೂರಿಗೆ ಹೋಗಿ ವಡೆ ತಿಂದು ಬರೋಕೆ ಡೀಸೆಲ್ ಯಾರು ಹಾಕಿಸ್ತಾರೆ?

ಈಗ ದುಡ್ಡಿನ ಲೆಕ್ಕ. ಟ್ರಾಲಿ ಕಟ್ಟಿಕೊಂಡು ಡೀಸೆಲ್ ಪಿಕಪ್ ಲೀಟರಿಗೆ ಒಂಬತ್ತು ಒಂಬತ್ತೂವರೆ ಕಿಲೋಮೀಟರು ಕೊಡ್ತಿತ್ತು. ಪೆಟ್ರೋಲ್ ಗಾಡಿ ಎಂಟು, ಅದೂ ನಾನು ಓಡಿಸಿದರೆ. ಹುಡುಗರ ಕೈಲಿ ಏಳು. ಡೀಸೆಲ್ ತೊಂಬತ್ತರ ಆಸುಪಾಸು, ಪೆಟ್ರೋಲ್ ನೂರಾ ಮೂರು ಅಂತ ಇಟ್ಕೊಳ್ಳಿ, ಕಿಲೋಮೀಟರಿಗೆ ಡೀಸೆಲ್ಲು ಒಂಬತ್ತೂವರೆ ರೂಪಾಯಿ, ಪೆಟ್ರೋಲು ಹದಿಮೂರು. ಈ ಮೂರೂವರೆ ರೂಪಾಯಿ ನೋಡಿಯೇ ಎಲ್ಲರೂ ಡೀಸೆಲ್ ಅನ್ನೋದು. ಆದರೆ ಈ ಚಿಕ್ಕ ಟ್ರಾಲಿ ವರ್ಷಕ್ಕೆ ಓಡೋದೇ ಎಂಟು ಸಾವಿರ ಕಿಲೋಮೀಟರು. ಎಂಟು ಸಾವಿರಕ್ಕೆ ಮೂರೂವರೆ ಹಾಕಿ, ಇಪ್ಪತ್ತೆಂಟು ಸಾವಿರ. ವರ್ಕ್‌ಶಾಪ್ ಬಿಲ್ಲಿಗಿಂತ ಕಡಿಮೇನೇ ಆಯ್ತಲ್ಲ! ಇದು ಬರೀ ಪೆಟ್ರೋಲಿನ ಮಾತು. ಸಿಎನ್‌ಜಿಯಲ್ಲಿ ಕೇಜಿಗೆ ಹನ್ನೊಂದರ ಮೇಲೆ ಬರುತ್ತೆ, ಕಿಲೋಮೀಟರಿಗೆ ಎಂಟು ರೂಪಾಯಿ ಅಷ್ಟೆ. ವರ್ಷಕ್ಕೆ ಮೂವತ್ತು ನಲವತ್ತು ಸಾವಿರ ಓಡಿಸೋರು ಈ ಲೆಕ್ಕ ತಮಗೆ ಹಚ್ಕೋಬೇಡಿ, ನಿಮಗೆ ಡೀಸೆಲ್ಲೇ.

ಇನ್ನೊಂದು ಉಳಿತಾಯ ಯಾವ ಕೊಟೇಶನ್ನಲ್ಲೂ ಬರಲ್ಲ. 25 ಕೆವಿಎ ಗಂಟೆಗೆ ನಾಲ್ಕು ಲೀಟರ್ ಮೇಲೆ ಕುಡಿಯುತ್ತೆ, ಪಾರ್ಟಿಯಿಂದ ಡೀಸೆಲ್ ದುಡ್ಡು ಬೇರೆ ಈಸ್ಕೊಳ್ತೀವಿ. ಎಳೆಯೋ ಗಾಡಿಯೂ ಡೀಸೆಲ್, ಜನರೇಟರೂ ಡೀಸೆಲ್ ಆದಾಗ ರಾತ್ರಿ ಎರಡು ಗಂಟೆಗೆ ಯಾವ ಟ್ಯಾಂಕಿಂದ ಯಾವ ಟ್ಯಾಂಕಿಗೆ ಪೈಪು ಹೋಯ್ತು ಅಂತ ಮಾದಪ್ಪನಿಗೇ ಗೊತ್ತು. ಯಾರ ಹೆಸರೂ ಹೇಳಲ್ಲ. ಪೆಟ್ರೋಲ್ ಗಾಡಿ ಬಂದ ತಿಂಗಳಿಂದ ಜನರೇಟರ್ ಡೀಸೆಲ್ ಲೆಕ್ಕ ತಾನಾಗೇ ಸರಿಹೋಯ್ತು. ತೆಗೆದರೂ ಹಾಕೋಕೆ ಟ್ಯಾಂಕ್ ಇಲ್ಲವಲ್ಲ. ಕ್ಯಾನಿನ ಡೀಸೆಲ್ಲು ಕತ್ತಲಲ್ಲಿ ಪೆಟ್ರೋಲ್ ಟ್ಯಾಂಕಿಗೆ ಬೀಳಬಾರದು ಅಂತ ಮುಚ್ಚಳಕ್ಕೆ ಕೆಂಪು ಪೇಂಟ್ ಹೊಡೆದಿದ್ದೀನಿ.

ಇನ್ನು ಎಡವಟ್ಟುಗಳ ಕಥೆ, ಅದೇ ಉದ್ದ ಇದೆ. ಮೊದಲ ಸೀಸನ್ ಮುಗಿಯೋ ಮುಂಚೆನೇ ಕ್ಲಚ್ ಪ್ಲೇಟ್ ಸುಟ್ಟುಹೋಯ್ತು. ಒಂದು ಛತ್ರದ ಹಿಂದಿನ ರ‍್ಯಾಂಪಲ್ಲಿ ನಿಂತ ಗಾಡಿ ಹೊರಡಲೇ ಇಲ್ಲ, ಅಡುಗೆಯವರೆಲ್ಲ ಸೇರಿ ತಳ್ಳಿದರು. ಕೂಲಿ ಸೇರಿ ಹತ್ತು ಸಾವಿರ. ಊರೆಲ್ಲ ‘ಹೇಳಿದ್ವಲ್ಲ’ ಅಂತು. ಹೊಸ ಪ್ಲೇಟ್ ಹಾಕಿಸಿದ ಮೇಲೂ ಅದೇ ವಾಸನೆ ಶುರುವಾದಾಗ, ಇಂಜಿನ್ನು ಗೇರು ಬಿಟ್ಟು ಟ್ರಾಲಿನ ಜ್ಯಾಕ್ ಹಾಕಿ ಎತ್ತಿದೆ. ಎಡಗಡೆ ಚಕ್ರ ಕೈಯಲ್ಲಿ ತಿರುಗಿಸಿದರೆ ಅರ್ಧ ಸುತ್ತಿಗೇ ನಿಲ್ತು. ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಂಡಿತ್ತು, ಬೇರಿಂಗ್ ಒಣಗಿ ನೀಲಿ ತಿರುಗಿತ್ತು. ಡೀಸೆಲ್ ಗಾಡಿ ಇದನ್ನೇ ವರ್ಷಗಟ್ಟಲೆ ಎಳೀತಿತ್ತು, ಅದರ ದಮ್ಮಲ್ಲಿ ಯಾರಿಗೂ ಗೊತ್ತೇ ಆಗಿರಲಿಲ್ಲ. ಬೇರಿಂಗ್ ಬದಲಾಯಿಸಿ, ಶೂ ಸರಿಮಾಡಿ, ಟೈರಿಗೆ ಸರಿಯಾಗಿ ಗಾಳಿ ಹೊಡೆಸಿದೆ. ಎರಡೂವರೆ ಸಾವಿರದಲ್ಲಿ ಮುಗೀತು. ಆ ಕ್ಲಚ್ಚೇ ಇವತ್ತಿಗೂ ಓಡ್ತಿದೆ. ಪೆಟ್ರೋಲ್ ಗಾಡಿ ಎಳೆಯಲ್ಲ ಅನ್ನೋರು ಮೊದಲು ತಮ್ಮ ಟ್ರಾಲಿ ಚಕ್ರ ಎತ್ತಿ ತಿರುಗಿಸಿ ನೋಡಲಿ.

ಆಮೇಲೆ ಬಾಲ ಅಲ್ಲಾಡೋದು. ಐವತ್ತು ದಾಟಿದರೆ ಟ್ರಾಲಿ ಎಡಕ್ಕೂ ಬಲಕ್ಕೂ ಒಲೆದು ಗಾಡಿನೂ ಒಲಿಸೋದು. ಡೀಸೆಲ್ ಪಿಕಪ್ ಭಾರ ಜಾಸ್ತಿ ಇದ್ದಿದ್ದಕ್ಕೆ ತಡ್ಕೊಂಡಿತ್ತು, ಇದು ಹಗುರ, ತಡೀಲಿಲ್ಲ. ಎಪಿಎಂಸಿ ಬೆಲ್ಲದ ಮಾರ್ಕೆಟ್ ಕಡೆಯ ವೇಬ್ರಿಡ್ಜಿಗೆ ತಗೊಂಡು ಹೋಗಿ, ಮೊದಲು ಪೂರ್ತಿ ಟ್ರಾಲಿ, ಆಮೇಲೆ ಚಕ್ರ ಹೊರಗಿಟ್ಟು ಹುಕ್ಕಿಗೆ ಸಿಗಿಸೋ ಮೂತಿ ಮಾತ್ರ ತೂಕ ಮಾಡಿಸಿದೆ. ಅಲ್ಲಿ ಕೂತಿದ್ದೋರು ‘ಯಜಮಾನ್ರೇ, ಬೆಲ್ಲ ಎಲ್ಲಿ?’ ಅಂತ ನಕ್ಕರು. ಮೂತಿ ಮೇಲೆ ನಲವತ್ತು ಕೇಜಿಯೂ ಇರಲಿಲ್ಲ. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಪಾಲು ಮೂತಿ ಮೇಲೆ ಕೂರಬೇಕು. ಜನರೇಟರ್ ಬೋಲ್ಟ್ ಬಿಚ್ಚಿ ಒಂದು ಗೇಣು ಮುಂದಕ್ಕೆ ಸರಿಸಿ ಹೊಸ ತೂತು ಕೊರೆಸಿದೆ, ನೂರಾ ಮೂವತ್ತಕ್ಕೆ ಬಂತು. ಅಲ್ಲಿಗೆ ಒಲೆದಾಟ ನಿಂತಿತು. ಅಷ್ಟು ಭಾರ ಹಿಂದೆ ಕೂತಿತು ಅಂದ್ರೆ ಗಾಡಿ ಮೇಲಿನ ಲೋಡಲ್ಲಿ ಅಷ್ಟು ಕಡಿಮೆ ಹಾಕಬೇಕು, ಸ್ಟೇಜಿಗೆ ಹಾಕೋ ಪಾರ್ ಲೈಟ್ ಪೆಟ್ಟಿಗೆಗಳನ್ನ ಕ್ಯಾಬಿನ್ ಹಿಂದಕ್ಕೇ ಒತ್ತಿ ಇಡಬೇಕು.

ಹುಕ್ಕು ತೂಬಿನಕೆರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮಾಡಿಸಿದ್ದು. ಅದಕ್ಕೂ ಮುಂಚೆ ಊರಲ್ಲಿ ಬಂಪರ್ ಪಟ್ಟಿಗೇ ವೆಲ್ಡಿಂಗ್ ಹೊಡೆಸಿದ್ದು ಬಿರುಕು ಬಿಟ್ಟಿತು. ಛಾಸಿಗೆ ಬೋಲ್ಟ್ ಹಾಕಿ ಕೂರಿಸಿ, ವೆಲ್ಡಿಂಗ್ ನಂಬಬೇಡಿ. ಬ್ರೇಕು ಒತ್ತಿದಾಗ ಟ್ರಾಲಿ ಮುಂದಕ್ಕೆ ನುಗ್ಗೋ ಒತ್ತಡದಲ್ಲೇ ಟ್ರಾಲಿ ಬ್ರೇಕ್ ಹಿಡಿಯೋ ಕಪ್ಲಿಂಗ್ ಹಾಕಿಸಿದ್ದೀನಿ, ಎಲ್ಲ ಸೇರಿ ಇಪ್ಪತ್ತು ಸಾವಿರದ ಹತ್ರ. ಅದರೊಳಗಿನ ಸ್ಪ್ರಿಂಗ್ ಯಾವ ಗಾಡಿದು ಅಂತ ಫೋನ್ ಮಾಡಿ ಕೇಳ್ತಾರೆ. ಅದನ್ನ ಹುಡುಕೋಕೆ ಮೈಸೂರಿನ ಗುಜರಿ ಅಂಗಡಿಗಳನ್ನೆಲ್ಲ ಸುತ್ತಿದ್ದೀನಿ, ನೀವೂ ಸ್ವಲ್ಪ ಸುತ್ತಿ. ಟ್ರಾಲಿಗೂ ಆರ್‌ಟಿಒ ನೋಂದಣಿ ಬೇಕು, ಕಾನೂನಲ್ಲಿ ಟ್ರೈಲರೂ ಒಂದು ವಾಹನವೇ. ಕಾಗದ ಮಾಡಿಸಿಕೊಂಡೇ ರಸ್ತೆಗಿಳಿಸಿ, ಇನ್ಶೂರೆನ್ಸ್ ಕ್ಲೇಮ್ ಹೊತ್ತಲ್ಲಿ ಅದೇ ಕೇಳೋದು.

ಟ್ರ್ಯಾಕ್ಟರಲ್ಲೇ ಎಳೆಸಬಹುದಲ್ಲ ಅಂತ ಒಬ್ಬರು ಕೇಳಿದ್ದರು. 2023ರ ಆಗಸ್ಟಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ದಾರಿಗೆ ಟ್ರ್ಯಾಕ್ಟರ್ ಬಿಡಲ್ಲ. ಸರ್ವಿಸ್ ರಸ್ತೆಯಲ್ಲಿ ಅದರ ವೇಗಕ್ಕೆ ಮುಹೂರ್ತ ಮುಗಿದು ಊಟದ ಎಲೆ ಎತ್ತಿರ್ತಾರೆ.

ಬೆಟ್ಟದ ವಿಷಯ. ಚಾಮುಂಡಿ ಬೆಟ್ಟ ಮೂರೂವರೆ ಸಾವಿರ ಅಡಿ ಹತ್ರ, ಮೈಸೂರಿಂದ ಏರೋದು ಅದರಲ್ಲಿ ಸಾವಿರ ಅಡಿ. ಆಷಾಢಕ್ಕೆ ಮುಂಚೆ ಒಂದು ಕೆಲಸಕ್ಕೆ ಹತ್ತಿಸಿದೆ, ಎರಡನೇ ಗೇರಲ್ಲಿ, ಇಂಜಿನ್ ಕಿರುಚಿಸ್ಕೊಂಡು. ಸಿಎನ್‌ಜಿಯಲ್ಲಿ ದಮ್ ನೂರಕ್ಕೆ ಹತ್ತು ಪಾಲು ಇಳಿಯುತ್ತೆ, ಅದಕ್ಕೆ ಬುಡದಲ್ಲೇ ಸ್ವಿಚ್ ಒತ್ತಿ ಪೆಟ್ರೋಲಿಗೆ ಹಾಕೋದು. ಪೆಟ್ರೋಲ್ ಟ್ಯಾಂಕ್ ಬರೀ ಐದು ಲೀಟರಿಂದು, ಮರೀಬೇಡಿ. ಇಳಿಯುವಾಗ ಆಶ್ಚರ್ಯ ಕಾದಿತ್ತು. ಆಕ್ಸಿಲರೇಟರ್ ಬಿಟ್ಟರೆ ಪೆಟ್ರೋಲ್ ಇಂಜಿನ್ನಿನ ಗಾಳಿ ಬಾಗಿಲು ಮುಚ್ಕೊಂಡು ಇಂಜಿನ್ನೇ ಗಾಡಿನ ಹಿಡಿಯುತ್ತೆ. ಇಷ್ಟು ಚಿಕ್ಕ ಇಂಜಿನ್ನು ಅಷ್ಟು ಹಿಡೀತದೆ ಅಂದ್ಕೊಂಡಿರಲಿಲ್ಲ, ಬ್ರೇಕ್ ಬಿಸಿಯಾಗದಂತೆ ಇಳಿದೆ. ಮೇಲುಕೋಟೆಗೂ ಹೋಗಿ ಬಂದಿದ್ದೀನಿ, ವೈರಮುಡಿ ಜನಜಂಗುಳಿಯಲ್ಲಿ ಅಲ್ಲ, ಒಂದು ಮದುವೆಗೆ. ಮಹದೇಶ್ವರ ಬೆಟ್ಟಕ್ಕೆ ಮಾತ್ರ ಆಗಲಿಲ್ಲ. ತಾಳಬೆಟ್ಟ ದಾಟಿ ತಿರುವುಗಳು ಶುರುವಾಗ್ತಿದ್ದಂಗೆ ಟೆಂಪರೇಚರ್ ಮುಳ್ಳು ಏರಿತು, ಫಸ್ಟ್ ಗೇರ್ ಬಿಟ್ಟು ಮೇಲೆ ಹೋಗಲಿಲ್ಲ. ಜಾಗ ನೋಡಿ ತಿರುಗಿಸಿ, ಕೆಳಗೆ ಬಂದು, ಡೀಸೆಲ್ ಗಾಡಿ ತರಿಸಿದೆ. ಅವತ್ತಿನ ಬಾಡಿಗೆಯಲ್ಲಿ ಉಳಿದದ್ದು ಸೊನ್ನೆ.

ಅಕ್ಕನ ಮಗ ಅಮೆರಿಕದಲ್ಲಿದ್ದಾನೆ, ಅವನ ಹತ್ರ ಇದೇ ಜಗಳ ಬೇರೆ ಅಳತೆಯಲ್ಲಿ ನಡೆಯುತ್ತೆ. ಅಲ್ಲಿ ಫೋರ್ಡ್‌ನ ದೊಡ್ಡ ಪಿಕಪ್ಪಿಗೆ 7.3 ಲೀಟರ್ ಪೆಟ್ರೋಲ್ ವಿ8 ಸಿಗುತ್ತೆ, 6.7 ಲೀಟರ್ ಡೀಸೆಲ್ಲೂ ಸಿಗುತ್ತೆ. ಡೀಸೆಲ್ಲಿನ ಟಾರ್ಕ್, ಅಂದ್ರೆ ಎಳೆಯೋ ದಮ್ಮು, ಎರಡು ಪಟ್ಟು, ಆದರೆ ಗಾಡಿ ಬೆಲೆಯಲ್ಲೇ ಹತ್ತು ಸಾವಿರ ಡಾಲರ್ ಆಸುಪಾಸು ಜಾಸ್ತಿ, ಮೇಲಾಗಿ ಅಲ್ಲಿ ಪೆಟ್ರೋಲಿಗಿಂತ ಡೀಸೆಲ್ಲೇ ದುಬಾರಿ. ‘ಮಾವ, ತಿಂಗಳಿಗೊಂದು ಸಲ ಎಳೆಯೋರು ಇಲ್ಲಿ ಪೆಟ್ರೋಲೇ ತಗೊಳ್ಳೋದು’ ಅಂದ. ನಮ್ಮಲ್ಲಿ ದೊಡ್ಡ ಇಂಜಿನ್ನಿನ ಪೆಟ್ರೋಲ್ ಪಿಕಪ್ ಷೋರೂಮಲ್ಲಿ ಕೇಳಿದರೆ ಮೇಲಿಂದ ಕೆಳಗೆ ನೋಡ್ತಾರೆ. ಸಿಗೋದು ಈ ಚಿಕ್ಕವೇ.

ನಡುವೆ ಒಂದು ಹುಚ್ಚು ಪರೀಕ್ಷೆನೂ ಮಾಡಿದೆ. ಈಗಿನ ಪೆಟ್ರೋಲಲ್ಲಿ ನೂರಕ್ಕೆ ಇಪ್ಪತ್ತು ಎಥೆನಾಲ್. ಎಥೆನಾಲಲ್ಲಿ ಶಕ್ತಿ ಲೀಟರಿಗೆ ಮೂರನೇ ಒಂದು ಭಾಗ ಕಡಿಮೆ, ಮೈಲೇಜ್ ಎಷ್ಟು ತಿನ್ನುತ್ತೆ ನೋಡೋಣ ಅಂತ ಅದೇ ಟ್ರಾಲಿ, ಅದೇ ಶ್ರೀರಂಗಪಟ್ಟಣದ ದಾರಿ, ಎಥೆನಾಲ್ ಇಲ್ಲದ ದುಬಾರಿ ಪೆಟ್ರೋಲ್ ಹಾಕಿ ಓಡಿಸಿದೆ. ಲೀಟರಿಗೆ ಅರ್ಧ ಕಿಲೋಮೀಟರ್ ಹೆಚ್ಚು ಬಂತು, ದುಡ್ಡು ಮಾತ್ರ ಅದಕ್ಕಿಂತ ಜಾಸ್ತಿ ಹೋಯ್ತು. ಬಿಟ್ಟುಬಿಟ್ಟೆ. ಕಬ್ಬು ಬೆಳೆಯೋ ಜಿಲ್ಲೆಯವರು, ಎಥೆನಾಲಿಗೆ ಬೈಯೋಕೂ ಬಾಯಿ ಬರಲ್ಲ.

ಈಗ ತೂಬಿನಕೆರೆಯಲ್ಲೇ ಇನ್ನೊಂದು ಟ್ರಾಲಿ ಕಟ್ಟಿಸ್ತಿದ್ದೀನಿ, 15 ಕೆವಿಎಗೆ, ಒಂಬತ್ತು ಕ್ವಿಂಟಾಲ್ ಮೀರಬಾರದು ಅಂತ ಹೇಳಿದ್ದೀನಿ. ಅದಕ್ಕೂ ಇದೇ ಪಿಕಪ್ಪು. ಡೀಸೆಲ್ ಗಾಡಿನ 62.5 ಜೊತೆ ಕಟ್ಟಿ ಚಾಮರಾಜನಗರ, ಹಾಸನ ಕಡೆಯ ದೂರದ ಕೆಲಸಕ್ಕೆ ಮಾತ್ರ ಬಿಡ್ತೀನಿ. ಒಂದೇ ಸಮ ಓಡ್ತಿರೋದರಿಂದ ಅದರ ಡಿಪಿಎಫ್ ಲೈಟು ಈ ವರ್ಷ ಹತ್ತಿಲ್ಲ.