ಏರ್ ರೈಫಲ್ ಗುರಿ ಕೂರಿಸಿದ ಬಗೆ: ಮೊದಲು ಸ್ಕ್ರೂ, ಸ್ಪ್ರಿಂಗ್ ಕೊನೆಗೆ

ಬ್ಯಾರಲ್ ಮಡಚಿ, ಸಲಕ್ಕೆ ಒಂದೇ ಪೆಲೆಟ್ (ಪುಟ್ಟ ಗುಂಡು) ಹಾಕುವ 4.5 ಮಿ.ಮೀ. ಏರ್ ರೈಫಲ್ ಗುಂಡು ಚದುರಿಸತೊಡಗಿದರೆ ಹೆಚ್ಚಿನವರು ಸ್ಪ್ರಿಂಗ್ ಬದಲಿಸಲು ಹೊರಡುತ್ತಾರೆ. ನಾನು ಅದನ್ನು ಮುಟ್ಟುವುದೇ ಕೊನೆಗೆ. ಗಟ್ಟಿ ಸ್ಪ್ರಿಂಗಿನಿಂದ ಒದೆತ ಹೆಚ್ಚುತ್ತದೆಯೇ ಹೊರತು ಗುರಿ ಕೂರುವುದಿಲ್ಲ. ಪೆಲೆಟ್ ಹೊರಬೀಳುವ ಶಕ್ತಿ 20 ಜೌಲ್ ದಾಟಿತೆಂದರೆ ಲೈಸೆನ್ಸ್ ಕೂಡ ಬೇಕು.

ಮೊದಲ ಕೆಲಸ ಸ್ಟಾಕಿನ, ಅಂದರೆ ರೈಫಲಿನ ಮರದ ಹಿಡಿಯ, ಸ್ಕ್ರೂಗಳು. ಬಳ್ಳಾರಿಯ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಮುಂದಿನ ಎರಡು ಸ್ಕ್ರೂ ತಾವಾಗಿ ಸಡಿಲವಾಗುತ್ತವೆ. ಬಿಚ್ಚಿ, ಥಿನ್ನರಿನಿಂದ ಜಿಡ್ಡು ತೆಗೆದು, ಸ್ಕ್ರೂವಿನ ಸುತ್ತುಗಳ ಮೇಲೆ, ಸಡಿಲವಾಗದಂತೆ ಹಿಡಿಯುವ ಅಂಟಾದ ನೀಲಿ ಥ್ರೆಡ್‌ಲಾಕರ್ ಒಂದು ಹನಿ ಹಾಕುತ್ತೇನೆ. ತಲೆಯ ಕೆಳಗೆ ಕಪ್ ವಾಷರ್ ಇರಲೇಬೇಕು, ಇಲ್ಲದಿದ್ದರೆ ಸ್ಕ್ರೂ ಮರವನ್ನು ಜಜ್ಜಿಕೊಂಡು ಒಳಗಿಳಿಯುತ್ತದೆ. ಬಿಗಿದ ಮೇಲೆ ಸ್ಕ್ರೂ ತಲೆಯಿಂದ ವಾಷರಿನವರೆಗೆ ಉಗುರುಬಣ್ಣದ ಒಂದು ಗೆರೆ. ಗೆರೆ ಜೋಡಿ ತಪ್ಪಿದರೆ ಸ್ಕ್ರೂ ತಿರುಗಿದೆ ಎಂದರ್ಥ.

ಆಮೇಲೆ ಬ್ರೀಚ್ ಸೀಲ್, ಅಂದರೆ ಬ್ಯಾರಲ್ ಮುಚ್ಚಿದಾಗ ಗಾಳಿ ಸೋರದಂತೆ ತಡೆಯುವ ಬಳೆ. ಬ್ಯಾರಲ್ ಮುಚ್ಚುವ ಸಂದಿನ ಮೇಲೆ ಟಿಶ್ಯೂ ಕಾಗದದ ಚೂರು ಇಟ್ಟು, ಪೆಲೆಟ್ ಹಾಕಿಯೇ ಹೊಡೆಯಿರಿ. ಖಾಲಿ ಹೊಡೆದರೆ ಸ್ಪ್ರಿಂಗ್ ತಳ್ಳುವ ಪಿಸ್ಟನ್ ನೇರ ಬಡಿದು ಅದರ ಸೀಲ್ ಹಾಳಾಗುತ್ತದೆ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ, ಪ್ರತಿ ಪೆಲೆಟ್ಟಿನ ವೇಗವೂ ಬೇರೆಯಾಗುತ್ತದೆ. ಸೀಲಿನಡಿ ತೆಳು ಪ್ಲಾಸ್ಟಿಕ್ ವಾಷರ್ ಕತ್ತರಿಸಿ ಹಾಕಿ, ಲೋಹಕ್ಕಿಂತ ಸುಮಾರು 0.2 ಮಿ.ಮೀ. ಮೇಲೆ ನಿಲ್ಲಿಸಿ. ಜಾಸ್ತಿಯಾದರೆ ಬ್ಯಾರಲ್ ಪೂರ್ತಿ ಕೂರದೆ ಸಲಕ್ಕೊಂದು ಕಡೆ ನಿಲ್ಲುತ್ತದೆ. ಸಂಡೂರಿನ ಕಡೆ ಅದಿರಿನ ಕೆಂಪು ಧೂಳು ಇಲ್ಲೇ ಮೆತ್ತಿಕೊಳ್ಳುವುದರಿಂದ ಆಗಾಗ ಬಟ್ಟೆಯಿಂದ ಒರೆಸಬೇಕು. ಹೊಲಿಗೆ ಯಂತ್ರದ ಎಣ್ಣೆಯನ್ನಂತೂ ಗಾಳಿ ಬರುವ ತೂತಿಗೆ ಬಿಡಲೇಬೇಡಿ. ಒತ್ತಡದ ಕಾವಿಗೆ ಎಣ್ಣೆ ಹೊತ್ತಿಕೊಂಡು ಹೊಗೆ ಬರುತ್ತದೆ, ಪಿಸ್ಟನ್ ಸೀಲ್ ಸುಡುತ್ತದೆ.

ಪೆಲೆಟ್ ಆರಿಸಲು 0.01 ಗ್ರಾಂ ತೋರಿಸುವ ತಕ್ಕಡಿ ಸಾಕು. 0.53 ಗ್ರಾಮಿನ ಡಬ್ಬಿಯಲ್ಲಿ 0.52ರಿಂದ 0.54ರವು ಮಾತ್ರ ಗುರಿಗೆ. ಬಾಲದ ಅಂಚು ಸೊಟ್ಟಗಿದ್ದದ್ದು, ತೂಕ ಸರಿಯಿದ್ದರೂ, ಬೇಡ. ಬ್ಯಾರಲ್ ಒರೆಸಿದ ಮೇಲಿನ ಮೊದಲ ಹದಿನೈದಿಪ್ಪತ್ತು ಪೆಲೆಟ್ ಲೆಕ್ಕಕ್ಕಿಲ್ಲ.

ಸ್ಪ್ರಿಂಗ್ ರೈಫಲನ್ನು ಗಟ್ಟಿ ಆಸರೆಯ ಮೇಲಿಟ್ಟರೆ ಪುಟಿದು ಗುಂಡು ಬೇರೆಡೆ ಬೀಳುತ್ತದೆ. ಜೀನ್ಸ್ ಹೊಲಿಯುವ ಬಳ್ಳಾರಿಯಲ್ಲಿ ತುಂಡುಬಟ್ಟೆಗೆ ಬರವಿಲ್ಲ. ಚೀಲ ಹೊಲಿದು ಭತ್ತದ ಹೊಟ್ಟು ತುಂಬಿ, ಅದರ ಮೇಲೆ ಅಂಗೈ, ಅಂಗೈ ಮೇಲೆ ರೈಫಲ್. ಬೆರಳು ಬಿಗಿಯಬಾರದು. ಗುರಿಹಾಳೆಯ ಹಿಂದೆ ಗಟ್ಟಿ ತಡೆ ಇರಲಿ, ಕಣ್ಣಿಗೆ ಕನ್ನಡಕವಿರಲಿ.

10 ಮೀಟರಿನ ಗುರಿಹಾಳೆಯಲ್ಲಿ ಹತ್ತರ ಚುಕ್ಕೆ ಬರೀ 0.5 ಮಿ.ಮೀ. ಐದು ಹೊಡೆತದ ಗ್ರೂಪ್ (ಹಾಳೆಯ ಮೇಲೆ ಬಿದ್ದ ತೂತುಗಳ ಗುಂಪು) ನಂಬಬೇಡಿ, ಹತ್ತು ಹೊಡೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಏನು ಬದಲಿಸಿದಿರೆಂದು ಅದೇ ಹಾಳೆಯ ಮೂಲೆಯಲ್ಲಿ ಬರೆದಿಡಿ.