ಡ್ರಮ್ಮಿನಲ್ಲಿ ಶೀಟ್ ಫಿಲ್ಮ್: ಯಾವ ಡೆವಲಪರ್, ಎಷ್ಟು ಮಿಲಿಲೀಟರ್?

ಕಳೆದ ಬೇಸಿಗೆಯಲ್ಲಿ ಗೆಳೆಯರೊಬ್ಬರು ಹಂಪಿಯಲ್ಲಿ ತೆಗೆದ ಹತ್ತು ನೆಗೆಟಿವ್‌ಗಳನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಎಲ್ಲವೂ 4×5 ಇಂಚಿನ ಕಪ್ಪು ಬಿಳುಪು ಶೀಟ್‌ಗಳು, ಅಂದರೆ ರೋಲಿನ ಬದಲು ಒಂದೊಂದೇ ಹಾಳೆಯಾಗಿ ಬರುವ ಫಿಲ್ಮ್. ಒಂದನ್ನು ಅಂಚು ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದೆ. ಬಂಡೆಗಳ ನೆರಳಿನ ಭಾಗ ಪರವಾಗಿಲ್ಲ ಎನ್ನುವಂತಿತ್ತು. ಆದರೆ ನೆಗೆಟಿವ್‌ನಲ್ಲಿ ಗಾಢ ಕಪ್ಪಾಗಿರಬೇಕಿದ್ದ ಮಧ್ಯಾಹ್ನದ ಆಕಾಶ, ಹಿಂದೆ ಹಿಡಿದ ಬೆರಳು ಕಾಣುವಷ್ಟು ತೆಳುವಾಗಿತ್ತು. ಎಕ್ಸ್‌ಪೋಷರ್ ಕಡಿಮೆಯಾಗಿದ್ದರೆ ಮೊದಲು ಹೋಗುವುದು ನೆರಳಿನ ವಿವರ. ಬೆಳಕಿನ ಭಾಗವಷ್ಟೇ ಸೊರಗಿದೆ ಎಂದರೆ ಫಿಲ್ಮಿನ ಮೇಲೆ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ ಸಾಲದೆ ನಡುದಾರಿಯಲ್ಲೇ ಸೋತಿರುತ್ತದೆ.

'ಈ ಡ್ರಮ್ಮಿಗೆ 210 ಮಿಲಿಲೀಟರ್ ಸಾಕು ಎಂದಿತ್ತು ಸರ್, ಅಷ್ಟೇ ಹಾಕಿದೆ. ಒಂದು ಪಾಲಿಗೆ ಮೂರು ಪಾಲು ನೀರು' ಎಂದರು. ಹತ್ತು ಶೀಟ್‌ಗಳ ಹೊಟ್ಟೆಗೆ ಬಿದ್ದದ್ದು ಹೆಚ್ಚೆಂದರೆ 52 ಮಿ.ಲೀ. ನಿಜವಾದ ಡೆವಲಪರ್. ಇದೇ ತಪ್ಪನ್ನು ನಾನು ಇನ್ನೂ ಮೂರು ನಾಲ್ಕು ಮಂದಿಯಲ್ಲಿ ಕಂಡಿದ್ದೇನೆ. ಯಾವ ಡೆವಲಪರ್ ಒಳ್ಳೆಯದು ಎಂದು ತಿಂಗಳುಗಟ್ಟಲೆ ಚರ್ಚಿಸುವವರು ಅದು ಎಷ್ಟು ಬೇಕು ಎಂದು ಎರಡು ನಿಮಿಷ ಲೆಕ್ಕ ಹಾಕುವುದಿಲ್ಲ.

ಡ್ರಮ್ಮಿನ ಸ್ವಭಾವ

ಜರ್ಮನಿಯ ಜೋಬೊ ಯಂತ್ರವಾಗಲಿ, ಮೋಟಾರಿನ ಮೇಲೆ ಉರುಳುವ ಹಳೆಯ ಪ್ರಿಂಟ್ ಡ್ರಮ್ ಆಗಲಿ, ಕೆಲಸದ ರೀತಿ ಒಂದೇ. ಡ್ರಮ್ ಅಡ್ಡಲಾಗಿ ಮಲಗಿ ತಿರುಗುತ್ತಿರುತ್ತದೆ, ತಳದಲ್ಲಿರುವ ಸ್ವಲ್ಪವೇ ದ್ರಾವಣ ಫಿಲ್ಮ್ ಮೇಲೆ ಹರಿದು ಹೋಗುತ್ತಿರುತ್ತದೆ, ಉಳಿದ ಜಾಗವೆಲ್ಲ ಗಾಳಿ. ಎಡೆಬಿಡದ ಈ ಕದಲಿಕೆಯಿಂದ ಕಾಂಟ್ರಾಸ್ಟ್ ಏರುತ್ತದೆ, ಹಾಗಾಗಿ ಸಮಯ ಇಳಿಸಬೇಕು. ಗಾಳಿಯ ಒಡನಾಟದಿಂದ ಡೆವಲಪರ್ ಬೇಗ ಕೆಡುತ್ತದೆ, ಹಾಗಾಗಿ ಒಮ್ಮೆ ಬಳಸಿದ್ದನ್ನು ಚೆಲ್ಲಲೇಬೇಕು. ದ್ರಾವಣ ಫಿಲ್ಮಿನ ಒಂದೆಡೆ ನಿಂತು ಬಳಲಲು ಅವಕಾಶವೇ ಇಲ್ಲದಿರುವುದರಿಂದ, ಅಲುಗಿಸದೆ ಗಂಟೆಗಟ್ಟಲೆ ಬಿಡುವ ವಿಧಾನದಲ್ಲಿ ಸಿಗುವ ಅಂಚಿನ ಚೂಪು ಇಲ್ಲಿ ಸಿಗುವುದಿಲ್ಲ. ಅದೇ ಬೇಕೆನ್ನುವವರು ಟ್ರೇ ಅಥವಾ ಟ್ಯಾಂಕ್ ಹಿಡಿಯಲಿ.

ಮೊದಲ ಹೆಜ್ಜೆ: ಚದರ ಇಂಚಿನ ಲೆಕ್ಕ

ಇಲ್ಲಿ ಅವಸರ ಬೇಡ. ಕಾಗದ, ಪೆನ್ಸಿಲ್ ತೆಗೆದುಕೊಂಡು ಕುಳಿತುಕೊಳ್ಳಿ.

36 ಚಿತ್ರಗಳ ಒಂದು 35 ಎಂ.ಎಂ. ರೋಲ್, ಒಂದು 120 ರೋಲ್, ನಾಲ್ಕು 4×5 ಶೀಟ್, ಒಂದು 8×10 ಶೀಟ್: ಇವೆಲ್ಲವೂ ಸುಮಾರು 80 ಚದರ ಇಂಚು. ಈ 80 ಚದರ ಇಂಚಿಗೆ ನೀರು ಬೆರೆಸುವ ಮುನ್ನ ಎಷ್ಟು ಡೆವಲಪರ್ ಬೇಕು ಎಂಬುದೇ ಮೂಲ ಪ್ರಶ್ನೆ. ಡ್ರಮ್ಮಿನ ಕನಿಷ್ಠ ಅಳತೆ ಫಿಲ್ಮ್ ಪೂರ್ತಿ ಒದ್ದೆಯಾಗಲು ಬೇಕಾದ ದ್ರವದ ಅಳತೆ. ಆ ದ್ರವದಲ್ಲಿ ಸಾಕಷ್ಟು ರಾಸಾಯನಿಕ ಇದೆಯೇ ಎಂಬುದು ಡ್ರಮ್ಮಿಗೆ ಗೊತ್ತಿಲ್ಲ. ಗಂಜಿಗೆ ಎಷ್ಟು ನೀರು ಸುರಿದರೂ ಅಗುಳು ಹೆಚ್ಚುವುದಿಲ್ಲ.

ಜೋಬೊ 3010 ಡ್ರಮ್ಮನ್ನೇ ತೆಗೆದುಕೊಳ್ಳೋಣ. ಹತ್ತು 4×5 ಶೀಟ್ ಹಿಡಿಯುತ್ತದೆ, ಅಂದರೆ 200 ಚದರ ಇಂಚು, ಎರಡೂವರೆ ರೋಲಿಗೆ ಸಮ. ಹೆಚ್ಚೆಂದರೆ ಒಂದು ಲೀಟರ್ ಹಾಕಬಹುದು, ಅದಕ್ಕಿಂತ ಹೆಚ್ಚಿನ ಭಾರ ಮೋಟಾರಿಗೆ ಒಳ್ಳೆಯದಲ್ಲ. ಈಗ ಒಂದೊಂದೇ ಡೆವಲಪರನ್ನು ಈ ಡ್ರಮ್ಮಿಗೆ ಹೊಂದಿಸಿ ನೋಡಿ.

ಕೊಡಾಕ್‌ನ ಪುಡಿ ಡೆವಲಪರ್ ಎಕ್ಸ್‌ಟಾಲ್‌ಗೆ ರೋಲಿಗೆ ಕನಿಷ್ಠ 100 ಮಿ.ಲೀ. ಸ್ಟಾಕ್ (ಪುಡಿ ಕರಗಿಸಿದ, ಇನ್ನೂ ತೆಳುಗೊಳಿಸದ ದ್ರಾವಣ) ಬೇಕು. ಹತ್ತು ಶೀಟಿಗೆ 250. ಅಷ್ಟೇ ನೀರು ಬೆರೆಸಿದರೆ 500 ಮಿ.ಲೀ. ಡ್ರಮ್ಮಿಗೆ ಹೇಳಿ ಮಾಡಿಸಿದ ಅಳತೆ.

ಇನ್ನೊಂದು ಪುಡಿ ಡೆವಲಪರ್ ಡಿ-76 ಅನ್ನು 1+1 (ಒಂದು ಪಾಲಿಗೆ ಒಂದು ಪಾಲು ನೀರು) ಮಾಡಿದಾಗ ಕೊಡಾಕ್ ಹೇಳುವ ಅಳತೆ ರೋಲಿಗೆ 473 ಮಿ.ಲೀ. ಹತ್ತು ಶೀಟಿಗೆ ಒಂದು ಲೀಟರ್ ದಾಟಿಹೋಗುತ್ತದೆ. ಎಂಟೇ ಶೀಟ್ ಹಾಕಿದರೆ 946 ಮಿ.ಲೀ.ಗೆ ನಿಲ್ಲುತ್ತದೆ. 237 ಮಿ.ಲೀ.ಯಲ್ಲಿ ಒಂದು ರೋಲ್ ತೊಳೆಯುವುದಾದರೆ ಸಮಯವನ್ನು ಶೇ 10ರಷ್ಟು ಹೆಚ್ಚಿಸಿ ಎಂದೂ ಅವರೇ ಹೇಳಿದ್ದಾರೆ. ನಾನು ಆ ದಾರಿ ಹಿಡಿಯುವುದಿಲ್ಲ, ಎರಡು ಶೀಟ್ ಕಡಿಮೆ ಮಾಡುತ್ತೇನೆ.

ಎಚ್‌ಸಿ-110ಕ್ಕೆ ರೋಲಿಗೆ 6 ಮಿ.ಲೀ. ಮೂಲ ದ್ರವ ಎಂಬುದು ಬಳಸುವವರ ರೂಢಿ. ಹತ್ತು ಶೀಟಿಗೆ 15 ಮಿ.ಲೀ., 1+31ರ ಬೆರಕೆಯಲ್ಲಿ ಒಟ್ಟು 480 ಮಿ.ಲೀ. ಇದನ್ನು ಅಳೆಯಲು ದೊಡ್ಡ ಅಳತೆ ಪಾತ್ರೆ ಬೇಡ, ಔಷಧದ ಅಂಗಡಿಯ 20 ಮಿ.ಲೀ. ಸಿರಿಂಜ್ ಬಳಸಿ. ಹದಿನೈದರಲ್ಲಿ ಒಂದು ಮಿ.ಲೀ. ತಪ್ಪಿದರೂ ಶೇ 7ರ ವ್ಯತ್ಯಾಸ.

1891ರಿಂದ ಬಳಕೆಯಲ್ಲಿರುವ ರೊಡಿನಾಲ್‌ಗೆ ರೋಲಿಗೆ 10 ಮಿ.ಲೀ. ಎಂದು ಹಿಡಿದರೆ 25 ಮಿ.ಲೀ. ಬೇಕು. 1+25ರಲ್ಲಿ 650 ಮಿ.ಲೀ., ಸರಿಹೋಗುತ್ತದೆ. ಎಲ್ಲರೂ ಇಷ್ಟಪಡುವ 1+50ರಲ್ಲಿ ಒಂದೂಕಾಲು ಲೀಟರ್ ದಾಟುತ್ತದೆ. ಅದನ್ನೇ ಅರ್ಧಕ್ಕಿಳಿಸಿ ಹಾಕಿ 'ರೊಡಿನಾಲ್‌ನಲ್ಲಿ ಜೀವವೇ ಇಲ್ಲ' ಎನ್ನುವವರಿದ್ದಾರೆ. ದೋಷ ಬಾಟಲಿಯದಲ್ಲ.

ಎರಡನೆಯ ಹೆಜ್ಜೆ: ಐದು ನಿಮಿಷದ ಗೆರೆ

ಡೆವಲಪ್ ಮಾಡುವ ಸಮಯ ಐದು ನಿಮಿಷಕ್ಕಿಂತ ಇಳಿದರೆ ಚಿತ್ರ ಫಿಲ್ಮ್ ಮೇಲೆ ಸಮನಾಗಿ ಬರುವ ಭರವಸೆ ಇಲ್ಲ. ನಮ್ಮ ಹವೆಯಲ್ಲಿ ಈ ಗೆರೆ ಬಲುಬೇಗ ಎದುರಾಗುತ್ತದೆ. ಬೇಸಿಗೆಯಲ್ಲಿ ಮಹಡಿಯ ಟ್ಯಾಂಕಿನ ನೀರು 28 ಡಿಗ್ರಿ ಇರುವಾಗ 20 ಡಿಗ್ರಿಗೆ ಇಳಿಸಲು ಐಸ್ ತುಂಬಿದ ಬಾಟಲಿಗಳೊಂದಿಗೆ ಹೆಣಗಬೇಕು. ನಾನು ವರ್ಷವಿಡೀ 24 ಡಿಗ್ರಿಗೆ ನಿಂತುಬಿಟ್ಟಿದ್ದೇನೆ. ಆದರೆ ನಾಲ್ಕು ಡಿಗ್ರಿ ಏರಿದರೆ ಸಮಯ ಸುಮಾರು ಶೇ 30ರಷ್ಟು ಕುಗ್ಗುತ್ತದೆ.

ಇಲ್ಫರ್ಡ್ ಕಂಪನಿಯ ಎಫ್‌ಪಿ4 ಪ್ಲಸ್ ಫಿಲ್ಮಿಗೆ ಅದರದೇ ಡೆವಲಪರ್ ಐಡಿ-11ರ ಸ್ಟಾಕಿನಲ್ಲಿ 20 ಡಿಗ್ರಿಗೆ ಎಂಟೂವರೆ ನಿಮಿಷ. ಡ್ರಮ್ಮಿಗೆಂದು ಶೇ 15 ಕಳೆದರೆ ಏಳು ನಿಮಿಷ ಚಿಲ್ಲರೆ. 24 ಡಿಗ್ರಿಗೆ ಬಂದರೆ ಐದರ ಅಂಚಿಗೆ ಬಂದು ನಿಲ್ಲುತ್ತೀರಿ. ಅದೇ 1+1ರಲ್ಲಿ 11 ನಿಮಿಷದಿಂದ ಹೊರಟರೆ ಕೊನೆಗೆ ಆರೂವರೆ ನಿಮಿಷ ಕೈಯಲ್ಲಿ ಉಳಿಯುತ್ತದೆ. ಅದೇ ಕಂಪನಿಯ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಎಚ್‌ಸಿ-110ರ 1+31ರಲ್ಲಿ 20 ಡಿಗ್ರಿಗೇ ಐದು ನಿಮಿಷ. ಡ್ರಮ್ಮಿನಲ್ಲಿ ಈ ಜೋಡಿಯನ್ನು ಮರೆತುಬಿಡಿ. ಅದೇ 15 ಮಿ.ಲೀ.ಯನ್ನು 1+63 ಮಾಡಿ 960 ಮಿ.ಲೀ. ಹಾಕಿ, ಸಮಯವನ್ನು ಪರೀಕ್ಷಿಸಿ ಗೊತ್ತುಮಾಡಿಕೊಳ್ಳಿ.

ಮೊದಲೇ ನೀರಿನಲ್ಲಿ ನೆನೆಸಬೇಕೇ ಎಂಬ ಜಗಳ ಹಳೆಯದು. ಐದು ನಿಮಿಷ ನೆನೆಸಿ, ಸಮಯ ಇಳಿಸಬೇಡಿ ಎನ್ನುವುದು ಜೋಬೊ ಪದ್ಧತಿ. ನೆನೆಸಬೇಡಿ, ಸಮಯವನ್ನು ಶೇ 15ರವರೆಗೆ ಇಳಿಸಿ ಎನ್ನುವುದು ಇಲ್ಫರ್ಡ್ ಸಲಹೆ. ಎರಡೂ ನಡೆಯುತ್ತವೆ, ಎರಡನ್ನೂ ಬೆರೆಸಿದರೆ ನೆಗೆಟಿವ್ ಕೆಡುತ್ತದೆ. ನಾನು ನೆನೆಸುವುದಿಲ್ಲ. ಫಿಲ್ಮ್ ತುಂಬಿದ ಡ್ರಮ್ಮನ್ನು ಒಣಗಿದ್ದಂತೆಯೇ 24 ಡಿಗ್ರಿ ನೀರಿನ ತೊಟ್ಟಿಯಲ್ಲಿ ಐದು ನಿಮಿಷ ತಿರುಗಿಸಿ ಅದೇ ತಾಪಮಾನಕ್ಕೆ ತರುತ್ತೇನೆ.

ಇನ್ನು ಆಯ್ಕೆ

ಎರಡೂ ಗೆರೆಗಳನ್ನು ದಾಟಿ ಬಂದವುಗಳಲ್ಲಿ ನನ್ನ ಆಯ್ಕೆ ಎಕ್ಸ್‌ಟಾಲ್ 1+1. 1996ರಲ್ಲಿ ಬಂದ ಇದರ ಜೀವಾಳ ವಿಟಮಿನ್ ಸಿ ಕುಲದ ಆಸ್ಕಾರ್ಬೇಟ್. ಚಿತ್ರದ ಹರಳು (ಗ್ರೇನ್) ನಯ, ನೆರಳಿನ ವಿವರ ಚೆನ್ನಾಗಿ ಉಳಿಯುತ್ತದೆ, ಕುದಿಸಿದ ನೀರು ಬೇಡ, ಮನೆಯ ತಾಪಮಾನದಲ್ಲೇ ಕರಗುತ್ತದೆ. ಅದು ಸಿಗದಿದ್ದರೆ ಅದೇ ಜಾತಿಯ ಅಡಾಕ್ಸ್ ಎಕ್ಸ್‌ಟಿ-3 ನೋಡಿ. ತಿಂಗಳಿಗೊಮ್ಮೆ ಮಾತ್ರ ಫಿಲ್ಮ್ ತೊಳೆಯುವವರಿಗೆ ಐದು ಲೀಟರ್ ಸ್ಟಾಕ್ ಹೊರೆ. ಅವರು ಎಚ್‌ಸಿ-110 ಇಟ್ಟುಕೊಳ್ಳಲಿ.

ಬೇಡವಾದವನ್ನೂ ಹೇಳಿಬಿಡುತ್ತೇನೆ. ಟಿ-ಮ್ಯಾಕ್ಸ್ ಡೆವಲಪರನ್ನು ಶೀಟ್ ಫಿಲ್ಮಿಗೆ ಬಳಸಬೇಡಿ, ಮೇಲ್ಮೈಯಲ್ಲಿ ಲೋಹದ ಹೊಳಪಿನ ಕಲೆ ಕೂರಬಹುದು ಎಂದು ಕೊಡಾಕ್ ಕಂಪನಿಯೇ ಎಚ್ಚರಿಸಿದೆ. ಶೀಟ್‌ಗೂ ಹೊಂದುವುದು ಟಿ-ಮ್ಯಾಕ್ಸ್ ಆರ್‌ಎಸ್. ಫಿಲ್ಮಿಗೆ ಬಣ್ಣ ಹಿಡಿಸುವ ಪೈರೊ ಡೆವಲಪರ್‌ಗಳ ಮೋಹ ಇರುವವರು ಅವುಗಳಲ್ಲಿ ಒಂದಾದ ಪಿಎಂಕೆಯನ್ನು ಡ್ರಮ್ಮಿಗೆ ಹಾಕಬೇಡಿ. ಗಾಳಿಯಲ್ಲಿ ಅದು ಫಿಲ್ಮಿಗಿಂತ ಮೊದಲು ತಾನೇ ಸುಟ್ಟುಹೋಗುತ್ತದೆ, ಬಣ್ಣ ಇಡೀ ಶೀಟಿಗೆ ಹರಡುತ್ತದೆ. ಅದೇ ಬಗೆಯ ಪೈರೋಕ್ಯಾಟ್-ಎಚ್‌ಡಿ ಇದಕ್ಕಿಂತ ಚೆನ್ನಾಗಿ ತಾಳುತ್ತದೆ.

ನೀರು, ಪುಡಿ, ಪರೀಕ್ಷೆ

ಎಕ್ಸ್‌ಟಾಲ್‌ಗೆ ಒಂದು ಕೆಟ್ಟ ಗುಣವಿದೆ. ಸತ್ತರೂ ಬಣ್ಣ ಬದಲಾಗುವುದಿಲ್ಲ. ಡಿ-76 ಕಂದು ತಿರುಗಿ ಸುಳಿವು ಕೊಡುತ್ತದೆ, ಇದು ನೀರಿನಷ್ಟೇ ತಿಳಿಯಾಗಿದ್ದು ಕೈಕೊಡುತ್ತದೆ. ನೀರಿನಲ್ಲಿರುವ ಕಬ್ಬಿಣದ ಅಂಶ ಆಸ್ಕಾರ್ಬೇಟನ್ನು ಬೇಗ ಕೆಡಿಸುತ್ತದೆ. ಆದ್ದರಿಂದ ಬೋರ್‌ವೆಲ್ ನೀರು ಖಂಡಿತ ಬೇಡ, ಡಿಸ್ಟಿಲ್ಡ್ ವಾಟರ್ ತನ್ನಿ. ಪೊಟ್ಟಣವನ್ನು ಒಮ್ಮೆಗೇ ಪೂರ್ತಿ ಕರಗಿಸಿ. ಪುಡಿಯೊಳಗೆ ಎಲ್ಲವೂ ಸಮವಾಗಿ ಬೆರೆತಿರುವುದಿಲ್ಲ, ಅರ್ಧ ತೂಗಿ ಅರ್ಧ ಇಟ್ಟರೆ ಎರಡೂ ಅರ್ಧ ಬೇರೆಬೇರೆ ಡೆವಲಪರ್ ಆಗುತ್ತವೆ. ಹಾಗೆ ಸಣ್ಣ ಪ್ಲಾಸ್ಟಿಕ್ ಚೀಲಗಳಿಗೆ ಹಂಚಿ ಮಾರಿದ ಪುಡಿಯನ್ನು ಒಮ್ಮೆ ಕೊಂಡು ಆರು ಶೀಟ್ ಕಳೆದುಕೊಂಡೆ. ಕರಗಿಸಿದ್ದನ್ನು ಗಾಜಿನ ಸಣ್ಣ ಬಾಟಲಿಗಳಿಗೆ ಕಂಠಮಟ್ಟ ತುಂಬಿಸಿ, 250 ಮಿ.ಲೀ. ಬಾಟಲಿಯಾದರೆ ಒಂದು ಡ್ರಮ್ಮಿಗೆ ಒಂದು.

ಪ್ರತಿ ಸಲವೂ ಫಿಲ್ಮ್ ತುಂಬುವ ಮೊದಲು ಹೀಗೆ ಮಾಡಿ: 35 ಎಂ.ಎಂ. ರೋಲಿನ ತುದಿಯಿಂದ ಕತ್ತರಿಸಿದ ಬೆಳಕು ಕಂಡ ತುಂಡೊಂದನ್ನು ಲೋಟದಲ್ಲಿ ಸ್ವಲ್ಪ ಡೆವಲಪರಿಗೆ ಅದ್ದಿಡಿ. ಕೋಣೆಯ ದೀಪ ಉರಿಯುತ್ತಿರಲಿ. ಮೊದಲು ಬೂದು, ಮತ್ತೆ ಇದ್ದಿಲು, ಐದಾರು ನಿಮಿಷಕ್ಕೆ ಕಿಟಕಿಯನ್ನೇ ಮುಚ್ಚುವಂಥ ಕಪ್ಪು ಬರಬೇಕು. ಹೊಸ ಸ್ಟಾಕಿನಲ್ಲಿ ಮಾಡಿದ ತುಂಡನ್ನು ಹೈಪೊದಲ್ಲಿ (ಚಿತ್ರವನ್ನು ಸ್ಥಿರಗೊಳಿಸುವ ಫಿಕ್ಸರ್) ತೊಳೆದು ಗೋಡೆಗೆ ಅಂಟಿಸಿಟ್ಟುಕೊಳ್ಳಿ. ಇವತ್ತಿನದು ಅದಕ್ಕಿಂತ ಪೇಲವವಾಗಿದ್ದರೆ ಬಾಟಲಿಯನ್ನು ಚೆಲ್ಲಿ.

ಮುಂದಿನದು ಸುಲಭ: ಸ್ಟಾಪ್ ಬಾತ್ ಒಂದು ನಿಮಿಷ, ಫಿಕ್ಸರ್, ತೊಳೆತ. ಡ್ರಮ್ಮಿನ ಮುಚ್ಚಳ ಕಚ್ಚಿಕೊಂಡರೆ ಚಾಕು ತೂರಿಸಬೇಡಿ, ಕಾಲಿನಿಂದ ಒತ್ತುವ ಗಾಳಿ ಪಂಪ್ ಇಟ್ಟು ಎರಡು ಬಾರಿ ತುಳಿದರೆ ತಾನೇ ಮೇಲೇಳುತ್ತದೆ. ಮತ್ತೊಂದು ಸರದಿ ತುಂಬುವ ಮುನ್ನ ಡ್ರಮ್ಮಿನ ಒಳಗನ್ನು ಪೂರ್ತಿ ಒಣಗಿಸಿ. ಶೀಟ್ ಕೂರುವ ಕೊಳವೆಯಲ್ಲಿ ಉಳಿದ ಒಂದು ಹನಿಗೆ ಶೀಟ್ ಅಂಟಿಕೊಂಡರೆ ಕತ್ತಲೆಯಲ್ಲಿ ಬಿಡಿಸುವುದು ಬಹಳ ಕಷ್ಟ.